ಹಿಂದಿನ ಸೀಟಿನ ಹುಡುಗ

ಡ್ರೈವಿಂಗ್ ಕಲಿಯಲು ಬಂದವನು ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತುಬಿಟ್ಟ.

ಕೂತವನು ಗಾಜು ಇಳಿಸಿದ, ಕಾಲು ಚಾಚಿದ, ಇನ್ನು ಗಾಡಿ ಹೊರಡಲಿ ಎಂಬಂತೆ ಆರಾಮವಾಗಿ ಹೊರಗೆ ನೋಡತೊಡಗಿದ.

ಮುಂದೆ ಕಲಿಸುವವರ ಸೀಟಿನಲ್ಲಿದ್ದ ಅವಳು ಕನ್ನಡಿಯತ್ತ ಕಣ್ಣೆತ್ತಿದಳು. ಅದೇ ಮುಖ... ಶಾಲೆಗೆ ಹೋಗುವಾಗ, ಬರುವಾಗ, ವರ್ಷಗಟ್ಟಲೆ ಹೀಗೇ ಕಾರಿನ ಕನ್ನಡಿಯಲ್ಲಿ ಕಂಡಿದ್ದ ಮುಖ!

‘ಇವನು ಇಲ್ಲಿಗೇಕೆ ಬಂದ? ನಾನು ಹೇಗೆ ಬದುಕಿದ್ದೇನೆ ಅಂತ ನೋಡುವುದಕ್ಕಾ?’

“ಸರ್, ಸ್ಟೀರಿಂಗ್ ಮುಂದಿದೆ,” ಎಂದಳು, ತಿರುಗಿಯೂ ನೋಡದೆ. “ಹಿಂದೆ ಕೂತು ಓಡಿಸೋ ಗಾಡಿ ನಮ್ಮ ಹತ್ರ ಇಲ್ಲ.”

ತಾನು ಮಾಡಿದ್ದೇನೆಂದು ಅವನಿಗೆ ಆಗ ಹೊಳೆಯಿತು. ಕಿವಿ ಕೆಂಪಾಯಿತು. ಇಳಿದು ಸುತ್ತಿ ಬಂದು ಸ್ಟೀರಿಂಗ್ ಮುಂದೆ ಕೂತ.

“ಅಭ್ಯಾಸ...” ಎಂದು ಗೊಣಗಿದ. “ಬೈಬೇಡ ಮೇಷ್ಟ್ರೇ.”

ಮೇಷ್ಟ್ರೇ. ಆ ಹೆಸರನ್ನು ಇಟ್ಟವನೂ ಅವನೇ, ಕರೆಯುತ್ತಿದ್ದವನೂ ಅವನೊಬ್ಬನೇ. ಹಳೆಯದೆಲ್ಲ ಅವಳಿಗೆ ಒಮ್ಮೆಲೇ ನೆನಪಾಯಿತು. ಆದರೆ ಅದನ್ನು ಮುಖಕ್ಕೆ ಬರಗೊಡುವ ಪೈಕಿ ಅವಳಲ್ಲ.

“ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ, ಸರ್. ನೀವು ಏನೇ ಮಾಡಿದ್ರೂ ಅದರ ಮೇಲೆ ನನ್ನ ಕಾಲು ಇರುತ್ತೆ. ಕ್ಲಚ್ ಒತ್ತಿ.”

ಅವಳ ಅಪ್ಪ ಬಿಸ್ಕತ್ತು ಫ್ಯಾಕ್ಟರಿಯ ಯಜಮಾನರ ಮನೆಯ ಡ್ರೈವರ್. ಇವನು ಆ ಮನೆಯ ಒಬ್ಬನೇ ಮಗ. ಕಾರು ಹೇಗೂ ಶಾಲೆಗೆ ಹೋಗುತ್ತದೆ, ಡ್ರೈವರನ ಮಗಳೂ ಅದೇ ಶಾಲೆಗೆ ಹೋಗಲಿ ಎಂದು ಯಜಮಾನಿ ಅವಳು ಚಿಕ್ಕವಳಿದ್ದಾಗಲೇ ಸೇರಿಸಿದ್ದರು. ಅಂದಿನಿಂದ ಹಿಂದೆ ಅವನು, ಮುಂದೆ ಅಪ್ಪನ ಪಕ್ಕ ಅವಳು. ಇದನ್ನು ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

ಅವನಿಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಅವಳು ಮುಂದಿನ ಸೀಟಿನಲ್ಲಿ ಮಂಡಿಯೂರಿ ಹಿಂದಕ್ಕೆ ತಿರುಗಿ, ದಾರಿಯುದ್ದಕ್ಕೂ ಅವನಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಅಪ್ಪ ಮಾತ್ರ ಪದೇ ಪದೇ “ಮುಂದೆ ನೋಡಿ ಕೂರಮ್ಮ” ಎನ್ನುತ್ತಿದ್ದ. ಕೊನೆಯ ಪರೀಕ್ಷೆಯ ಹೊತ್ತಿಗೆ ಆ ಹುಡುಗನಿಗೆ ಲೆಕ್ಕವೂ ಬಂತು, ಅವಳ ಮೇಲೆ ಮನಸ್ಸೂ ಬಂತು. ಅವಳಿಗೂ ಬಂದಿತ್ತು ಬಿಡಿ.

ಫಲಿತಾಂಶ ಬಂದಾಗ ಅವಳು ಶಾಲೆಗೇ ಮೊದಲು. ಅವನು ಹೇಗೋ ದಡ ಸೇರಿದ್ದ. ಆದರೂ ದೂರದ ನಗರದ ದೊಡ್ಡ ಕಾಲೇಜಿನಲ್ಲಿ ಅವನ ಸೀಟು ಆಗಲೇ ಕಾಯುತ್ತಿತ್ತು. ಅವಳನ್ನೂ ಅಪ್ಪನನ್ನೂ ಯಜಮಾನಿ ತಮ್ಮ ಮನೆಯ ಹಾಲಿಗೆ ಕರೆಸಿದರು. ಮನೆಮಂದಿಯೆಲ್ಲ ಕೂತಿದ್ದರು. ಯಜಮಾನಿ ಯಾವತ್ತೂ ದನಿ ಏರಿಸಿದವರಲ್ಲ, ಅವತ್ತಂತೂ ಮಾತು ಬೆಣ್ಣೆಯಂತಿತ್ತು. ಇಷ್ಟು ಚೆನ್ನಾಗಿ ಓದಿದ್ದಾಳೆ, ಸುಮ್ಮನೆ ಮನೆಯಲ್ಲಿ ಯಾಕೆ ಕೂರಬೇಕು, ನಮ್ಮ ಪ್ಯಾಕಿಂಗ್ ವಿಭಾಗದಲ್ಲೇ ಒಂದು ಜಾಗ ಮಾಡಿಕೊಡೋಣ ಎಂದರು. ದೊಡ್ಡವರ ದಯೆ ಹೀಗೇ. ಬೇಡ ಎನ್ನುವುದಕ್ಕೆ ಎದುರಿನವರಿಗೆ ಜಾಗವನ್ನೇ ಬಿಟ್ಟಿರುವುದಿಲ್ಲ.

“ದೊಡ್ಡ ಮನಸ್ಸು ನಿಮ್ದು, ಅಮ್ಮಾ,” ಎಂದು ಅಪ್ಪ ಬಾಗಿದ.

ಅವಳು ಆ ಹುಡುಗನತ್ತ ನೋಡಿದಳು. ಒಂದು ಮಾತು... ಇವಳೂ ಕಾಲೇಜಿಗೆ ಹೋಗಲಿ, ನನಗೆ ಲೆಕ್ಕ ಕಲಿಸಿದವಳೇ ಇವಳು ಎಂದು ಒಂದೇ ಒಂದು ಮಾತು! ಅವನು ತಲೆ ತಗ್ಗಿಸಿ ತನ್ನ ಬೂಟನ್ನೇ ನೋಡುತ್ತ ಕೂತಿದ್ದ.

“ಬೇಡ,” ಎಂದಳು ಅವಳು.

ಆ ಹಾಲಿನಲ್ಲಿ ಆ ಮಾತನ್ನು ಅದಕ್ಕೆ ಮೊದಲು ಯಾರೂ ಆಡಿರಲಿಲ್ಲ ಎಂದು ಕಾಣುತ್ತದೆ. ಯಾರಿಗೂ ತಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಅಪ್ಪ ಮಗಳೊಂದಿಗೆ ಬಹಳ ದಿನ ಮಾತು ಬಿಟ್ಟ. ಅವಳು ಡ್ರೈವಿಂಗ್ ಶಾಲೆಯೊಂದರಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರಿ, ಆಮೇಲೆ ಓಡಿಸುವುದು ಕಲಿತು, ಕಲಿಸುವವಳಾದಳು. ಸಂಜೆ ಕಾಲೇಜಿಗೂ ಸೇರಿದಳು. ಹಗಲೆಲ್ಲ ಬ್ರೇಕ್ ಒತ್ತಿ ಒತ್ತಿ ಕಾಲು ಸೋತರೂ ಕೊನೆಯ ವರ್ಷದವರೆಗೂ ಬಂದಿದ್ದಳು. ಯಾರ ದೊಡ್ಡ ಮನಸ್ಸಿನ ಹಂಗೂ ಅದರಲ್ಲಿ ಇರಲಿಲ್ಲ.

ಈಗ ಪಕ್ಕದಲ್ಲಿ ಕೂತು ಕ್ಲಚ್ ಬಿಡಲು ಹೆಣಗಾಡುತ್ತಿದ್ದವನಿಗೆ ಇದೆಲ್ಲ ಏನು ಗೊತ್ತು?

ಗಾಡಿ ಕುಪ್ಪಳಿಸಿ ನಿಂತಿತು. ಮತ್ತೆ ಕುಪ್ಪಳಿಸಿ ಮತ್ತೆ ನಿಂತಿತು. ಅವಳು ಅವನನ್ನು ಬಿಟ್ಟೂ ಬಿಡದೆ ಹಿಂಡಿದಳು. ಏರುದಾರಿಯಲ್ಲಿ ನಿಲ್ಲಿಸಿ ಹತ್ತಿಸೆಂದಳು, ಸಂತೆಯಂಥ ಬೀದಿಯಲ್ಲಿ ಹಿಂದಕ್ಕೆ ತೆಗೆಸಿದಳು, ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಬೈದರೆ ಬೈಸಿಕೊಳ್ಳಲು ಬಿಟ್ಟಳು. ಅವನು ಬೆವರಿದನೇ ಹೊರತು ಒಮ್ಮೆಯೂ ಸಿಡುಕಲಿಲ್ಲ. ದಿನವೂ ಅವಳಿಗಿಂತ ಮೊದಲೇ ಬಂದು ಕಾರಿನ ಗಾಜು ಒರೆಸುತ್ತ ನಿಂತಿರುತ್ತಿದ್ದ.

‘ಒರೆಸಲಿ. ಒರೆಸಿದ ಮಾತ್ರಕ್ಕೆ ಕರಗಬೇಕಾ ನಾನು?’ ಎಂದುಕೊಳ್ಳುತ್ತಲೇ ಅವಳು ದಿನಕ್ಕಿಷ್ಟು ಕರಗುತ್ತಿದ್ದಳು. ‘ಸರ್’ ಮಾಯವಾಯಿತು. ‘ನೀವು’ ಹೋಗಿ ‘ನೀನು’ ಬಂತು.

ಒಂದು ದಿನ ಗಾಡಿಯನ್ನು ಮರದ ನೆರಳಿಗೆ ಹಾಕಿ, ಅವನು ತನ್ನ ಕಥೆ ಹೇಳಿಕೊಂಡ. ಓದು ಮುಗಿಯುವ ಮೊದಲೇ ಅವನಪ್ಪ ಫ್ಯಾಕ್ಟರಿಯಲ್ಲಿ ಅವನಿಗೆಂದು ಕೋಣೆಯೊಂದಕ್ಕೆ ಬಣ್ಣ ಹೊಡೆಸಿದ್ದರಂತೆ. ಅದು ಬೇಕೋ ಬೇಡವೋ ಎಂದು ಅವನನ್ನು ಯಾರೂ ಕೇಳಲಿಲ್ಲವಂತೆ.

“ನಮ್ಮಿಬ್ಬರದೂ ಒಂದೇ ಕಥೆ, ಮೇಷ್ಟ್ರೇ.”

ಅವಳು ತಟ್ಟನೆ ತಿರುಗಿದಳು. “ಒಂದೇ ಅಲ್ಲ. ನಿನ್ನನ್ನ ಕೇಳದೆ ಕೊಟ್ಟಿದ್ದು ಕುರ್ಚಿ. ನನ್ನನ್ನ ಕೇಳದೆ ಕೊಟ್ಟಿದ್ದು ರಟ್ಟಿನ ಪೆಟ್ಟಿಗೆಗೆ ಟೇಪು ಅಂಟಿಸೋ ಮೂಲೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.”

ಅವನು ಸ್ಟೀರಿಂಗಿನಿಂದ ಕೈ ತೆಗೆದು ಅವಳತ್ತ ತಿರುಗಿದ. ಆಮೇಲೆ ಅಂದ, “ಅವತ್ತು ನಾನು ಮಾತಾಡಬೇಕಿತ್ತು. ಹೆದರಿದೆ. ಅದಾದ ಮೇಲೆ ನಿನ್ನ ಮುಖ ನೋಡೋ ಧೈರ್ಯ ಬರೋಕೆ ಇಷ್ಟು ವರ್ಷ ಬೇಕಾಯ್ತು. ಡ್ರೈವಿಂಗ್ ಒಂದು ನೆಪ... ನೀನು ಕಲಿಸ್ತೀಯ ಅಂತ ಗೊತ್ತಾಗೇ ಬಂದೆ.”

“ಗಾಡಿ ತೆಗೆ,” ಎಂದಳು ಅವಳು. ಆದರೆ ಆ ದಿನ ತನ್ನ ಮನೆಯ ಬಳಿ ಇಳಿಯುವಾಗ ಅವನು ಏನೋ ತಮಾಷೆ ಮಾಡಿದ, ಅವಳು ಬಹಳ ಕಾಲದ ಮೇಲೆ ಬಾಯ್ತುಂಬ ನಕ್ಕಳು. ಮಹಡಿಯ ಮೇಲಿಂದ ಯಜಮಾನಿ ನೋಡುತ್ತಿದ್ದುದನ್ನು ಇಬ್ಬರೂ ಕಾಣಲಿಲ್ಲ.

ಮರುದಿನ ಅಪ್ಪ ಮಧ್ಯಾಹ್ನಕ್ಕೇ ಮನೆಗೆ ಬಂದ. ಸಮವಸ್ತ್ರದ ಗುಂಡಿ ಬಿಚ್ಚದೆ ಗೋಡೆಗೆ ಒರಗಿ ಕೂತ.

“ಇನ್ನು ಬರಬೇಡ ಅಂದ್ರಮ್ಮ. ಮಗ ಓಡಿಸೋದು ಕಲಿತನಂತೆ. ‘ನಿನ್ನ ಮಗಳೇ ಚೆನ್ನಾಗಿ ಕಲಿಸಿದ್ದಾಳೆ, ನೀನಿನ್ನು ಹಾಯಾಗಿರು’ ಅಂದ್ರು.”

‘ನಾನೇ ಕಲಿಸಿದೆ. ಅಪ್ಪನ ಹೊಟ್ಟೆಯ ಮೇಲೆ ನಾನೇ ಹೊಡೆದೆ. ಇದಕ್ಕೇ ಬಂದಿದ್ದನಾ ಅವನು? ಇದೂ ಗೊತ್ತಿದ್ದೇ ನಗುತ್ತಿದ್ದನಾ?’

ಬೆಳಿಗ್ಗೆ ಅವನು ಎಂದಿನಂತೆ ಗಾಜು ಒರೆಸಿ ಸ್ಟೀರಿಂಗ್ ಹಿಡಿದು ಕೂತಿದ್ದ. ಅವಳು ಬಾಗಿಲ ಬಳಿಯೇ ನಿಂತು, ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವನ ಮುಖ ಬಿಳುಚಿಕೊಂಡಿತು.

“ನಂಗೆ ಗೊತ್ತೇ ಇರಲಿಲ್ಲ...”

“ನಿಂಗೆ ಗೊತ್ತಿರಲ್ಲ. ಏನೂ ಗೊತ್ತಾಗದ ಹಾಗೆ ಬದುಕೋಕೆ ನಿಮ್ಮ ಮನೇಲಿ ಎಲ್ಲ ಅನುಕೂಲ ಇದೆ. ಇಳಿ. ಹೋಗಿ ಆ ಹಾಲಿನಲ್ಲಿ ಕೂತು ನಿನ್ನ ಬೂಟು ನೋಡು. ಅದು ನಿಂಗೆ ಯಾರೂ ಕಲಿಸಬೇಕಾಗಿಲ್ಲ.”

ಅವನು ಇಳಿದ. ರಸ್ತೆಯ ಅಂಚಿನಲ್ಲಿ ನಡೆದುಹೋದ. ಅವಳು ಕಾರಿನೊಳಗೆ ಕೂತು ಗಾಜು ಏರಿಸಿ ಮನಸಾರೆ ಅತ್ತಳು. ಮುಂದಿನ ಪಾಠದವರು ಬಂದಾಗ ಕಣ್ಣೊರೆಸಿಕೊಂಡು, “ಕ್ಲಚ್ ಒತ್ತಿ,” ಎಂದಳು. ಹೊಟ್ಟೆಪಾಡು ಯಾರ ಪ್ರೀತಿಗೂ ಕಾಯುವುದಿಲ್ಲ ನೋಡಿ.

ಆ ವಾರವೇ ಅಪ್ಪ ಕಾರಿನ ಕೀಲಿಯನ್ನೂ ಒಗೆದು ಮಡಿಚಿದ ಸಮವಸ್ತ್ರವನ್ನೂ ಹಿಂತಿರುಗಿಸಲು ಯಜಮಾನರ ಮನೆಗೆ ಹೋದ. ಮಗಳು ತಾನೂ ಬರುತ್ತೇನೆಂದರೆ ಬೇಡವೆಂದ. ಬಹಳ ಹೊತ್ತಾದ ಮೇಲೆ ಬಂದವನ ನಡಿಗೆಯಲ್ಲಿ ಏನೋ ಬೇರೆ ಇತ್ತು. ಬೆನ್ನು ನೆಟ್ಟಗಿತ್ತು.

“ಆ ಹುಡುಗ ಮಾತಾಡಿದ ಕಣಮ್ಮ,” ಎಂದ.

ಹಾಲಿನಲ್ಲಿ ಎಲ್ಲರೂ ಇದ್ದರಂತೆ. ಅವನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದನಂತೆ... ಓದಬೇಕಿದ್ದವಳನ್ನು ಪೆಟ್ಟಿಗೆ ಕಟ್ಟಲು ಕರೆದಾಗ ತಾನು ಬಾಯಿ ಮುಚ್ಚಿಕೊಂಡಿದ್ದು ತಪ್ಪು, ಈಗ ಅವಳಪ್ಪನನ್ನು ಕಳಿಸಿದ್ದು ಅದಕ್ಕಿಂತ ದೊಡ್ಡ ತಪ್ಪು, ಫ್ಯಾಕ್ಟರಿಯ ಆ ಕೋಣೆಗೆ ತಾನು ಕಾಲಿಡುವುದಿಲ್ಲ ಎಂದು. ಯಜಮಾನರು ಎದ್ದು ಒಳಗೆ ಹೋದರಂತೆ. ಯಜಮಾನಿ ಮಾತ್ರ ನಗುತ್ತಲೇ, ಅಷ್ಟಕ್ಕೆಲ್ಲ ಯಾಕೆ, ನಾಳೆಯಿಂದ ನೀನೇ ಮತ್ತೆ ಕಾರಿಗೆ ಬಾ ಎಂದು ಅಪ್ಪನ ಕಡೆ ಕೀಲಿ ಚಾಚಿದರಂತೆ.

“ನೀನೇನಂದೆ ಅಪ್ಪಾ?”

ಅಪ್ಪ ಮಗಳ ಮುಖ ನೋಡಿದ. ಅವಳು ಹಾಲಿನಲ್ಲಿ ಆಡಿದ್ದ ಮಾತಿಗೆ ತಾನು ಎಷ್ಟು ದಿನ ಮುನಿಸಿಕೊಂಡಿದ್ದನೆಂದು ಅವನಿಗೆ ನೆನಪಿರಬೇಕು.

“ಬೇಡ ಅಂದೆ.”

ಅವಳು ಅಪ್ಪನನ್ನು ಬಾಚಿ ತಬ್ಬಿಕೊಂಡಳು. ಡ್ರೈವಿಂಗ್ ಶಾಲೆಯ ಒಡತಿಗೆ ಪಳಗಿದ ಕೈಯೊಂದು ಬೇಕಾಗಿತ್ತು. ಹೆದರುವವರಿಗೆ ಕಲಿಸಲು ಅಪ್ಪನಂಥ ಸಮಾಧಾನಿ ಇನ್ನೆಲ್ಲಿ ಸಿಕ್ಕಾನು! ಮುಂದಿನ ವಾರದಿಂದಲೇ ಬರುವುದೆಂದು ಮಾತಾಯಿತು.

ಲೈಸೆನ್ಸ್ ಪರೀಕ್ಷೆಯ ದಿನ ಬಂತು. ಎಂಟರ ಆಕಾರದ ಹಾದಿಯ ಪಕ್ಕ ಅವಳು ಅಪ್ಪನೊಂದಿಗೆ ತನ್ನ ಶಾಲೆಯವರನ್ನು ಕರೆದುಕೊಂಡು ನಿಂತಿದ್ದಳು. ಹುಡುಗ ಬಸ್ಸಿನಿಂದಿಳಿದು ಬಂದ. ಅಂಗಿ ಮುದುರಿತ್ತು, ಮುಖ ಬಾಡಿತ್ತು. ಅವಳನ್ನು ಮಾತಾಡಿಸದೆ ಸರದಿಯಲ್ಲಿ ನಿಂತ. ಸರದಿ ಬಂದಾಗ ಹಾದಿಯ ಗೆರೆ ತುಳಿಯದೆ ಎಂಟು ಸುತ್ತಿದ, ಹಿಂದಕ್ಕೆ ತೆಗೆದು ಗೂಟಗಳ ನಡುವೆ ನಿಲ್ಲಿಸಿದ. ಪರೀಕ್ಷಿಸುವವರು ಪಾಸೆಂದು ತಲೆಯಾಡಿಸಿದರು.

ಆಮೇಲೆ ಅವನು ನೇರ ಅವಳ ಎದುರಿಗೆ ಬಂದ.

“ಮನೆ ಬಿಟ್ಟಿದ್ದೀನಿ. ಕಾಗದದ ಗೋದಾಮಿನಲ್ಲಿ ಕೆಲಸ ಸಿಕ್ಕಿದೆ.”

“ಬೇಗ ಸಿಕ್ತಲ್ಲ. ನಿಮ್ಮಪ್ಪನ ಹೆಸರು ಕೇಳಿದ ಕೂಡಲೇ ಕೊಟ್ಟಿರ್ತಾರೆ.”

“ಹೌದು. ಹೆಸರು ಕೇಳಿಯೇ ಕೊಟ್ಟರು.” ಅವನು ತಲೆ ತಗ್ಗಿಸಲಿಲ್ಲ. “ಬಿಟ್ಟು ಬಂದ್ರೂ ಅದು ನನ್ನ ಹಿಂದೇನೇ ಬರುತ್ತೆ, ಗೊತ್ತಾಯ್ತು. ಅದಿಲ್ಲ ಅಂತ ನಿನ್ನ ಹತ್ರ ನಾಟಕ ಆಡಲ್ಲ. ನಂಗೆ ನೀನು ಬೇಕು, ಅಷ್ಟೇ. ಶಾಲೆಗೆ ಹೋಗುವಾಗಿನಿಂದ ನಂಗೆ ನೀನೇ ಬೇಕಾಗಿತ್ತು.”

ಅವಳ ಕಣ್ಣು ತುಂಬಿತು. ಆದರೂ ಗದ್ದ ಎತ್ತಿಯೇ ನಿಂತಳು.

“ನಮ್ಮಪ್ಪ ಬಾಗಿಲು ತೆಗೆದು ನಿಂತ ಮನೆಗೆ ನಾನು ಸೊಸೆಯಾಗಿ ಬರಲ್ಲ. ಓದು ಬಿಡಲ್ಲ, ಕೆಲಸ ಬಿಡಲ್ಲ. ನಿನ್ನ ಕಾಸಿನಲ್ಲಿ ಓದೋದೂ ಇಲ್ಲ.”

“ಬಾ ಅಂತ ಯಾರು ಕರೆದ್ರು? ಇರೋಕೆ ನಂಗೇ ಮನೆ ಇಲ್ಲ.”

ಅವಳಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಹಿಂದೆ ನಿಂತಿದ್ದ ಅಪ್ಪ ಕೆಮ್ಮಿದ. ಇಬ್ಬರೂ ಬೆಚ್ಚಿದರು.

ಹೊರಡುವ ಹೊತ್ತಾಯಿತು. ಅಪ್ಪ ಅಭ್ಯಾಸಬಲದಿಂದ ಕಾರಿನ ಹಿಂದಿನ ಬಾಗಿಲು ತೆಗೆದು, ಒಂದು ಪಕ್ಕಕ್ಕೆ ಸರಿದು ನಿಂತ. ಹುಡುಗ ಬಂದು ಅಪ್ಪನ ಕೈಯನ್ನು ಬಾಗಿಲಿನಿಂದ ಮೆಲ್ಲಗೆ ಬಿಡಿಸಿ, ತಾನು ಹಿಡಿದುಕೊಂಡ.

“ನೀವು ಕೂತ್ಕೊಳ್ಳಿ, ಮಾವ. ಇವತ್ತು ನಾನು ಓಡಿಸ್ತೀನಿ.”

ಅಪ್ಪ ಮಗಳತ್ತ ನೋಡಿದ. ಅವಳು ತಲೆಯಾಡಿಸಿದಳು. ಅಪ್ಪ ಬಗ್ಗಿ ಒಳಗೆ ಹೋಗಿ ಸೀಟಿನ ಅಂಚಿಗೆ ಕೂತ, ಕೈ ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡ. “ಇಲ್ಲಿಂದ ರಸ್ತೆ ಹೀಗೆ ಕಾಣುತ್ತಾ...” ಎಂದ, ತನಗೆ ತಾನೇ. ಆಮೇಲೆ ಮೆಲ್ಲಗೆ ಹಿಂದಕ್ಕೆ ಒರಗಿದ.

ಅವಳು ತನ್ನ ಸೀಟಿನಲ್ಲಿ ಕೂತು, ಹಿಂದಕ್ಕೆ ತಿರುಗಿ ಅಪ್ಪನನ್ನು ನೋಡಿದಳು.

“ಮುಂದೆ ನೋಡಿ ಕೂರಮ್ಮ,” ಎಂದ ಅಪ್ಪ. ದನಿ ಒದ್ದೆಯಾಗಿತ್ತು.

ಗಾಡಿ ಕುಪ್ಪಳಿಸದೆ ಹೊರಟು ರಸ್ತೆಗೆ ಬಂತು. ಅವನು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ, “ಮೇಷ್ಟ್ರೇ, ಇನ್ನೂ ಬ್ರೇಕ್ ಮೇಲೆ ಕಾಲಿಟ್ಟಿದ್ದೀಯ?”

“ಇಟ್ಟಿದ್ದೆ,” ಎಂದಳು ಅವಳು. “ಈಗ ತೆಗೆದೆ.”