ಹನ್ನೆರಡೂ ಕಾಲಿನ ನಗು

ಸೋಮವಾರ ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಜೈಲಿನ ಸೂಪರಿಂಟೆಂಡೆಂಟರು ಖುದ್ದಾಗಿ ಠಾಣೆಗೆ ಬಂದು ಇನ್ಸ್‌ಪೆಕ್ಟರ ಮುಂದೆ ದೂರಿನ ಕಾಗದ ಇಟ್ಟರು.

"ಹೇಳೋಕೆ ನಾಚಿಕೆ ಆಗುತ್ತೆ. ನನ್ನ ಜೈಲಿನೊಳಗೆ ಎರಡು ಮೊಬೈಲು ಮಾತಾಡ್ತಿವೆ. ಫೋನಿನ ಸಿಗ್ನಲ್ ಹಿಡಿಯೋಕೆ ಚಾವಣಿ ಮೇಲೆ ಹಾಕಿಸಿದ ಹೊಸ ಯಂತ್ರ ದಿನಾ ಮಧ್ಯಾಹ್ನ ಬಡ್ಕೊಳ್ಳುತ್ತೆ. ಮೂರು ಸಲ ಶೋಧ ಮಾಡಿಸಿದೆ, ಸಿಗಲಿಲ್ಲ."

"ನಿಮ್ಮೋರು ಶೋಧ ಮಾಡಿದ್ರೋ, ಕಸ ಗುಡಿಸಿದ್ರೋ?" ಅಂದರು ಇನ್ಸ್‌ಪೆಕ್ಟರು. ಅವರ ಬಾಯಿ ಅಂಥದ್ದು. ಬೈದ ಮೇಲೆ ಕೆಲಸ ಮಾಡಿಕೊಡುತ್ತಾರೆ ಅನ್ನುವ ಧೈರ್ಯದ ಮೇಲೆ ಜನ ಬೈಸಿಕೊಳ್ಳುತ್ತಿದ್ದರು.

"ಏನಾದ್ರೂ ಅನ್ನಿ. ಶುಕ್ರವಾರ ಸಂಜೆಯೊಳಗೆ ಸಿಗದಿದ್ರೆ ಶನಿವಾರದಿಂದ ಕೈದಿಗಳ ಭೇಟಿ ಬಂದ್ ಅಂತ ಮೇಲಿನಿಂದ ಆದೇಶ. ನಾನೂರು ಮನೆಯವರು ಬರೋರಿದ್ದಾರೆ."

ಎಫ್‌ಐಆರ್ ದಾಖಲಾಯಿತು. ಜೈಲಿನ ಬಾಗಿಲಿಗೆ ಹೋದರೆ ಭೇಟಿಯ ಚೀಟಿಗಾಗಿ ಉದ್ದ ಸಾಲು. ಒಬ್ಬ ಮುದುಕಿ ಇನ್ಸ್‌ಪೆಕ್ಟರ ತೋಳನ್ನೇ ಹಿಡಿದಳು. "ಶನಿವಾರ ಬಿಡೋಲ್ವಂತೆ, ನಿಜವಾ ಮಗಾ?"

"ಯಾರು ಹೇಳಿದ್ದು? ಬಿಡ್ತಾರೆ, ಸುಮ್ನಿರಮ್ಮ!" ಎಂದು ಗದರಿದರು. ಎರಡು ಹೆಜ್ಜೆ ಹೋದ ಮೇಲೆ, ತಾನು ಮಾತು ಕೊಟ್ಟೆನಲ್ಲ ಅಂತ ಹೊಳೆದು ಹೆಜ್ಜೆ ಬಿರುಸು ಮಾಡಿದರು.

ಮಂಗಳವಾರ ಹನ್ನೊಂದಕ್ಕೆ ಕರೆಗಳ ಪಟ್ಟಿ ಬಂತು. ಎರಡು ನಂಬರು, ಭೂಮಿಯ ಮೇಲೆ ಇಲ್ಲದವರ ಹೆಸರಲ್ಲಿ ಕೊಂಡ ಸಿಮ್ಮುಗಳು. ಎರಡೂ ಒಂದನ್ನೊಂದು ಬಿಟ್ಟು ಬೇರೆ ಯಾರಿಗೂ ಕರೆ ಮಾಡಿಲ್ಲ. ಮೂವತ್ತೆಂಟು ದಿನದಿಂದ, ಹನ್ನೆರಡೂ ಹತ್ತರಿಂದ ಹನ್ನೆರಡೂವರೆ. ಎರಡೂ ಜೈಲಿನ ಗೋಡೆಯೊಳಗೇ.

"ದೊಡ್ಡ ಗ್ಯಾಂಗು," ಅಂದರು ಇನ್ಸ್‌ಪೆಕ್ಟರು. "ಗೋಡೆ ಹಾರೋ ಯೋಜನೆ."

"ಮೂವತ್ತೆಂಟು ದಿನ ಮಾತಾಡಿದ್ರೆ ಗೋಡೆ ಕೊರೆದೇ ಹೋಗಬಹುದಿತ್ತು ಸರ್," ಅಂದಳು ಹೆಡ್ ಕಾನ್‌ಸ್ಟೆಬಲ್. ಇವಳಿಗೆ ಠಾಣೆಯಲ್ಲಿ ಟೀಚರಮ್ಮ ಅಂತ ಹೆಸರು; ಯಾವ ರಿಜಿಸ್ಟರು ಕೈಗೆ ಸಿಕ್ಕರೂ ಮೊದಲ ಪುಟದಿಂದ ಓದುತ್ತಾಳೆ.

ಬುಧವಾರ ಇಡೀ ದಿನ ಗಂಡಸರ ವಿಭಾಗದ ಹಾಸಿಗೆ ದಿಂಬೆಲ್ಲ ಜಾಲಾಡಿದರು. ಸಿಕ್ಕಿದ್ದು ಸೋಪಿನಲ್ಲಿ ಕೆತ್ತಿದ ಒಂದು ಚದುರಂಗದ ಸೆಟ್ಟು. ಇನ್ಸ್‌ಪೆಕ್ಟರು ಅದರ ಆನೆಯನ್ನು ಮೂಸಿ ನೋಡಿ ಎಸೆದರು.

ಗುರುವಾರ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಟೀಚರಮ್ಮ ಹೆಂಗಸರ ವಿಭಾಗದಿಂದ ಓಡಿಬಂದಳು. ಕೈಯಲ್ಲಿ ಜೈಲಿನ ಡಾಕ್ಟರ ರಿಜಿಸ್ಟರು, ಹಿಂದೆಯೇ ಏದುಸಿರು ಬಿಡುತ್ತ ಡಾಕ್ಟರು.

"ಓದ್ತೀನಿ ಕೇಳಿ ಸರ್. 'ಲಾಂಡ್ರಿ ಕೆಲಸದ ಕೈದಿ. ಕಾರಣವಿಲ್ಲದೆ ಒಬ್ಬಳೇ ನಗುತ್ತಾಳೆ. ಸಮಯ ಸುಮಾರು ಹನ್ನೆರಡೂ ಕಾಲು. ಮಾತ್ರೆ, ದಿನಕ್ಕೆ ಒಂದು.' ವಾರ ಬಿಟ್ಟು, 'ನಗು ಜಾಸ್ತಿಯಾಗಿದೆ. ಮಾತ್ರೆ, ಎರಡು.' ಆಮೇಲೆ ಹತ್ತೊಂಬತ್ತು, ಇಪ್ಪತ್ತನೇ ತಾರೀಕು, 'ನಗು ಪೂರ್ತಿ ನಿಂತಿದೆ. ಔಷಧಿ ಹಿಡಿದಿದೆ.'"

ಇನ್ಸ್‌ಪೆಕ್ಟರು ಕರೆಗಳ ಪಟ್ಟಿ ಎಳೆದುಕೊಂಡರು. ಹತ್ತೊಂಬತ್ತು, ಇಪ್ಪತ್ತು: ಒಂದು ಕರೆಯೂ ಇಲ್ಲ.

"ಆ ಎರಡು ದಿನ ಲಾಂಡ್ರಿ ಮೆಷಿನ್ನು ಕೆಟ್ಟಿತ್ತು ಸರ್. ಇಪ್ಪತ್ತೊಂದಕ್ಕೆ ಮೆಕ್ಯಾನಿಕ್ ಬಂದು ಸರಿಮಾಡಿದ ಅಂತ ಗೇಟಿನ ಪುಸ್ತಕದಲ್ಲಿದೆ. ಅವತ್ತು ಮಧ್ಯಾಹ್ನ ಮತ್ತೆ ನಗು ಶುರು."

"ನಾನು ನನ್ನ ಮಾತ್ರೆ ಕೆಲಸ ಮಾಡ್ತು ಅಂದ್ಕೊಂಡಿದ್ದೆ," ಅಂದರು ಡಾಕ್ಟರು, ಮುಖ ಸಣ್ಣ ಮಾಡಿಕೊಂಡು.

ಇನ್ಸ್‌ಪೆಕ್ಟರು ಮೇಜು ಗುದ್ದಿ ನಕ್ಕರು. "ಆ ಹೆಂಗಸಿನ ಗಂಡ ಎಲ್ಲಿದ್ದಾನೆ?"

"ಇಲ್ಲೇ ಸರ್, ಗಂಡಸರ ಲಾಂಡ್ರಿಯಲ್ಲಿ. ಇಬ್ಬರೂ ಸೇರಿ ಖೋಟಾ ಡ್ರೈವಿಂಗ್ ಲೈಸೆನ್ಸ್ ಅಚ್ಚು ಹಾಕ್ತಿದ್ರು. ಮೂರು ಮೂರು ವರ್ಷ ಶಿಕ್ಷೆ."

ಹನ್ನೆರಡೂ ಹದಿನಾಲ್ಕಕ್ಕೆ ಎರಡೂ ಲಾಂಡ್ರಿಗಳಿಗೆ ಒಟ್ಟಿಗೆ ನುಗ್ಗಿದರು. ಒದ್ದೆ ಬಟ್ಟೆಯ ಬಿಸಿ ಆವಿ, ಗಡಗಡ ತಿರುಗುವ ಮೆಷಿನ್ನು. ಗಂಡಸರ ಕಡೆ ಆಸಾಮಿ ಮೆಷಿನ್ನಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಫೋನಿಗೆ ಮುದ್ದು ಸುರಿಸುತ್ತಿದ್ದ.

"ಯಾಕೇ ಮಾತು ನಿಲ್ಲಿಸಿದೆ? ಮತ್ತೆ ಕೋಪನಾ?"

"ಕೋಪ ಅಲ್ಲಪ್ಪ," ಆ ಕಡೆಯಿಂದ ಟೀಚರಮ್ಮನ ದನಿ ಬಂತು, "ಪಂಚನಾಮೆ."

ಇಬ್ಬರು ಗುಮಾಸ್ತರ ಸಮಕ್ಷಮ ಪಂಚನಾಮೆ ಆಯಿತು. ಎರಡೂ ಮೆಷಿನ್ನಿನ ಹಿಂದಿನ ತಗಡು ಬಿಚ್ಚಿದರೆ ಫೋನಿಡಲು ಬಟ್ಟೆ ಹಾಸಿದ ಗೂಡು, ಚಾರ್ಜಿಗೆ ಮೆಷಿನ್ನಿನಿಂದಲೇ ಎಳೆದ ವೈರು. ಎಷ್ಟು ಅಚ್ಚುಕಟ್ಟು ಅಂದರೆ, ಇನ್ಸ್‌ಪೆಕ್ಟರು ಬೈಯುವುದು ಬಿಟ್ಟು, "ಇದು ಆ ಮೆಕ್ಯಾನಿಕ್ಕಿನದೇ ಕೈ," ಅಂದರು.

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಮೆಕ್ಯಾನಿಕ್ಕನ್ನು ಅವನ ಅಂಗಡಿಯಲ್ಲೇ ಹಿಡಿದರು. ಓಡಲಿಲ್ಲ. ಕೈಯ ಗ್ರೀಸು ಒರೆಸಿಕೊಂಡು, ಬೀಗ ಹಾಕಿ, ತಾನೇ ಹೋಗಿ ಜೀಪು ಹತ್ತಿದ. ಠಾಣೆಯಲ್ಲಿ ಕೂರಿಸಿ ಕೇಳಿದರು.

"ಫೋನು ಒಳಗೆ ಒಯ್ದದ್ದು?"

"ನಾನೇ. ಮೋಟರಿನ ಡಬ್ಬಿಯೊಳಗೆ."

"ಯಾರಿಂದ ಏನು ತಗೊಂಡೆ?"

"ಏನೂ ಇಲ್ಲ ಸಾರ್. ಅವಳು ನಮ್ಮಕ್ಕ. ಅವರು ಬಾವ."

"ಅಕ್ಕ ಬಾವ ತಿಂಗಳಿಗೊಮ್ಮೆ ಭೇಟಿ ಆಗ್ತಾರಲ್ಲ! ಸಾಲದಾ?"

"ಹದಿನೈದು ನಿಮಿಷ ಸಾರ್." ಅವನು ತಲೆ ತಗ್ಗಿಸಿಯೇ ಹೇಳಿದ. "ಪೊಲೀಸರ ಮುಂದೆ ಮೊದಲು ಬಾಯಿಬಿಟ್ಟಿದ್ದು ನೀನು ಅಂತ ಇವಳು, ನೀನು ಅಂತ ಅವರು. ಕಿತ್ತಾಡೋಕೇ ಹದಿನೈದು ನಿಮಿಷ ಮುಗಿದುಹೋಗೋದು. ಗಂಟೆ ಹೊಡೆದು ಇಬ್ಬರನ್ನೂ ಉರೀತಿರೋ ಮುಖದಲ್ಲೇ ವಾಪಸ್ ಕಳಿಸೋರು. ಒಂದು ವರ್ಷ ಹಿಂಗೇ ಆಯ್ತು. ಕೊನೆಗೆ ಅಕ್ಕ ಡೈವೋರ್ಸ್ ಕಾಗದ ತರಿಸಿಕೊಂಡಳು. ಮನೇಲಿ ಇದ್ದಾಗಲೂ ದಿನಾ ಜಗಳಾನೇ ಸಾರ್. ಆದ್ರೆ ಅರ್ಧ ಗಂಟೆ ಆದ್ಮೇಲೆ ಬಾವ ಏನೋ ಒಂದು ಅಂದು ನಗಿಸಿಬಿಡೋರು. ಆ ಆಮೇಲಿನ ಹೊತ್ತೇ ಜೈಲಲ್ಲಿ ಸಿಗ್ತಿರಲಿಲ್ಲ."

"ಆ ಕಾಗದ?"

"ಹೋದ ವಾರ ಹರಿದು ಹಾಕಿದ್ಲಂತೆ."

ಬರೆದುಕೊಳ್ಳುತ್ತಿದ್ದ ಟೀಚರಮ್ಮನ ಪೆನ್ನು ನಿಂತಿತು. ಇನ್ಸ್‌ಪೆಕ್ಟರು "ಒಂದಕ್ಷರ ಬಿಡದೆ ಬರೀರಿ," ಎಂದು ಗದರಿದರು. ದಸ್ತಗಿರಿಯ ಸಮಯ ಹನ್ನೊಂದೂ ಐದು ಎಂದು ದಾಖಲಾಯಿತು. ಆರೋಪಿ ಸಹಿ ಹಾಕಿದ.

ಇನ್ಸ್‌ಪೆಕ್ಟರು ಜೈಲಿಗೆ ಫೋನು ಹಚ್ಚಿದರು. ನಾಳೆಯ ಭೇಟಿಗೆ ಅಡ್ಡಿಯಿಲ್ಲ, ಆಗಲೇ ಬೋರ್ಡು ಹಾಕಿಸಿಯಾಯಿತು ಎಂದು ಸೂಪರಿಂಟೆಂಡೆಂಟರು ಕುಣಿಯುವ ದನಿಯಲ್ಲಿ ಹೇಳಿದರು.

"ಅದಿರಲಿ. ಒಬ್ಬೊಬ್ಬರಿಗೆ ಎಷ್ಟು ಹೊತ್ತು ಕೊಡೋ ಅಧಿಕಾರ ಇದೆ ನಿಮಗೆ?"

"ಅರ್ಧ ಗಂಟೆವರೆಗೂ ಕೊಡಬಹುದು. ಹದಿನೈದು ನಿಮಿಷ ಹಿಂದಿನಿಂದ ನಡೆದುಬಂದಿದೆ. ಯಾರೂ ಕೇಳಿರಲಿಲ್ಲ."

"ನಾನು ಕೇಳ್ತಿದ್ದೀನಲ್ರೀ ಈಗ!"

"ಅಯ್ಯೋ, ಕಿವಿ ಹೋಯ್ತು ಮಾರಾಯ್ರೇ. ಕೊಡ್ತೀನಿ, ಕೊಡ್ತೀನಿ. ಎಲ್ಲರಿಗೂ ಕೊಡ್ತೀನಿ."