ಬಟ್ಟಲು ಎತ್ತದ ಗಿರಾಕಿ

“ನೋಡೇ ಮಿಸೊನ್... ಅವನು ಬಟ್ಟಲು ಎತ್ತಲಿಲ್ಲ.”

ಹಲ್ಮೊನಿ (ನಮ್ಮ ಕೊರಿಯಾ ಮಾತಿನಲ್ಲಿ ಅಜ್ಜಿ) ಮೊಮ್ಮಗಳ ಪಕ್ಕೆಗೆ ಮೊಣಕೈಯಲ್ಲಿ ತಿವಿದಳು. ಮಿಸೊನ್ ತಲೆಯೆತ್ತಿ ನೋಡಿದಳು. ಷಟರ್ ರಿಪೇರಿಗೆ ಬಂದಿದ್ದವನು ಗೋಡೆ ಬದಿಯ ಮೇಜಿನಲ್ಲಿ ಊಟಕ್ಕೆ ಕೂತಿದ್ದ. ಬೆಳಗಿನಿಂದ ಅರ್ಧಕ್ಕೇ ಸಿಕ್ಕಿಕೊಂಡಿದ್ದ ಹೋಟೆಲಿನ ಷಟರನ್ನು ಮೇಲೆತ್ತಿ ಕೊಟ್ಟು, ಕೈ ತೊಳೆದು, ಎಲುಬಿನ ಸಾರು ಅನ್ನ ಹೇಳಿದ್ದ. ಅನ್ನದ ಬಟ್ಟಲು ಮೇಜಿನ ಮೇಲೇ ಇತ್ತು. ಅವನೇ ಬಾಗಿ ಚಮಚದಲ್ಲಿ ತಿನ್ನುತ್ತಿದ್ದ.

“ಅದಕ್ಕೇನೀಗ?” ಅಂದಳು ಮಿಸೊನ್.

“ಅದಕ್ಕೇನೀಗಾ? ಜಪಾನಿನವರು ಬಟ್ಟಲು ಕೈಗೆತ್ತಿಕೊಳ್ಳದೆ ಉಣ್ತಾರೇನೆ? ಕೆಳಗಿಟ್ಟು ಉಣ್ಣೋರು ನಮ್ಮ ಕೊರಿಯಾದವರು. ನೀನು ಇಲ್ಲೇ ಇರು.”

ಮುದುಕಿ ಅಕ್ಕಿ ಹೆಂಡದ ಕೆಟಲ್ ಹಿಡಿದು ಅವನ ಮೇಜಿಗೇ ಹೋದಳು. ಷಟರ್ ಎತ್ತಿದ ಖುಷಿಗೆ ಒಂದು ಗುಟುಕು ತಗೋ ಮಗಾ ಅಂತ ಸುರಿದಳು. ಅವನು ಬಲಗೈಯಲ್ಲಿ ಲೋಟ ಹಿಡಿದು, ಎಡಗೈಯನ್ನು ಮುಂಗೈಗೆ ಆಸರೆಯಾಗಿ ಇಟ್ಟ, ಥೇಟ್ ನಮ್ಮವರ ಹಾಗೆ. ಆಮೇಲೆ ಹಿರಿಯರ ಎದುರಿಗೆ ಕುಡಿಯಬಾರದು ಅಂತ ಮುಖ ಪಕ್ಕಕ್ಕೆ ತಿರುಗಿಸಿ ಕುಡಿದ.

“ಹೆಸರೇನಪ್ಪಾ?”

“ಅರಾಯಿ, ಅಜ್ಜಿ.”

ಹಲ್ಮೊನಿ ಅಡುಗೆಮನೆಗೆ ಓಡಿಬಂದ ರಭಸಕ್ಕೆ ಮಿಸೊನ್‌ಳ ಅಪ್ಪ ಸೌಟು ಹಿಡಿದವನು ಹಿಂದೆ ಸರಿದ.

“ಅರಾಯಿ ಅಂತೆ ಕಣೋ. ಪಾರ್ಕ್ ಮನೆತನದವರು ಈ ದೇಶಕ್ಕೆ ಬಂದು ಹಾಕಿಕೊಂಡ ಹೆಸರಲ್ವೇನೋ ಅದು! ನಮ್ಮ ಹುಡುಗನೇ. ಬಚ್ಚಿಟ್ಟುಕೊಂಡು ಬದುಕ್ತಿದಾನೆ, ಪಾಪ.”

ಹಾಗಾದರೆ ಕೇಳಿಬಿಡೋದಲ್ವಾ ಅಂತ ನಿಮಗೆ ಅನ್ನಿಸಬಹುದು. ಕೇಳೋದಿಲ್ಲ! ನಾನೂ ಜಪಾನಿನ ಈ ತ್ಸುರುಹಾಶಿ ಬೀದಿಯಲ್ಲೇ ಕಿಮ್ಚಿ ಉಪ್ಪಿನಕಾಯಿ ಮಾರಿ ತಲೆ ಹಣ್ಣಾದವಳು. ಕೊರಿಯಾದಿಂದ ನಮ್ಮ ಅಜ್ಜಂದಿರು ಬಂದು ಇಲ್ಲಿ ನೆಲೆ ನಿಂತ ಕಾಲದಿಂದ ನಮ್ಮಲ್ಲಿ ಒಂದು ಕಟ್ಟುಪಾಡಿದೆ. ಜಪಾನಿ ಹೆಸರಿನ ಹಿಂದೆ ಬದುಕುವವರನ್ನ ‘ನೀನು ನಮ್ಮವನಾ’ ಅಂತ ಕೇಳಬಾರದು. ಅವನ ಕೆಲಸ, ಅವನ ಮನೆ, ಅವನ ಮಕ್ಕಳ ಶಾಲೆ, ಯಾವುದಕ್ಕೆ ಹೆದರಿ ಮುಚ್ಚಿಟ್ಟಿದಾನೋ ಏನೋ. ಅವನಾಗೇ ಬಾಯಿ ಬಿಡಲಿ ಅಂತ ಕಾಯಬೇಕು.

ಮಿಸೊನ್‌ಗೆ ಇದ್ಯಾವುದೂ ನಾಟಲಿಲ್ಲ. ಅವಳಿಗೆ ಆಗ ಯಾವುದೂ ನಾಟುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಒಬ್ಬ ಜಪಾನಿ ಹುಡುಗನ ಜೊತೆ ಅವಳ ಮದುವೆ ಮಾತಾಗಿತ್ತು. ಹುಡುಗನ ತಾಯಿ ಮನೆಗೆ ಕರೆದು, ಚಹಾ ಕೊಟ್ಟು, “ನೀನು ತುಂಬಾ ಒಳ್ಳೇ ಹುಡುಗಿ. ಆದರೆ ಹುಟ್ಟೋ ಮಕ್ಕಳ ಬಗ್ಗೆ ನಾವು ಯೋಚನೆ ಮಾಡಬೇಕಲ್ಲಮ್ಮ” ಅಂದಿದ್ದಳು. ಹುಡುಗ ಪಕ್ಕದಲ್ಲೇ ಕೂತಿದ್ದ. ತುಟಿ ಪಿಟಕ್ ಅನ್ನಲಿಲ್ಲ.

ಮಿಸೊನ್ ಅಳಲಿಲ್ಲ. ಚಹಾ ಪೂರ್ತಿ ಕುಡಿದು, ಥ್ಯಾಂಕ್ಸ್ ಹೇಳಿ, ರೈಲು ಹತ್ತಿ ಬಂದು, ಏಪ್ರನ್ ಕಟ್ಟಿಕೊಂಡು ಅವತ್ತಿನ ಸಂಜೆಯ ಗಿರಾಕಿಗಳಿಗೆಲ್ಲ ಬಡಿಸಿದಳು. ಕೂತು ಕೂತು ಕಾಲು ಜೋಮು ಹಿಡಿಯುತ್ತಲ್ಲ, ಅವಳ ಮನಸ್ಸು ಹಾಗಾಗಿತ್ತು. ಕಾದ ಕಲ್ಲಿನ ಬಟ್ಟಲು ಬರಿಗೈಗೆ ತಾಗಿದರೂ ‘ಹಾ’ ಅನ್ನುತ್ತಿರಲಿಲ್ಲ. ತಾಯಿಯಿಲ್ಲದ ಹುಡುಗಿ ಹೀಗಾದಳಲ್ಲ ಅಂತ ಹಲ್ಮೊನಿ ಎಷ್ಟೋ ಸಲ ನನ್ನ ಅಂಗಡಿಗೆ ಬಂದು ಕಣ್ಣೊರೆಸಿಕೊಂಡಿದ್ದಾಳೆ.

ಅರಾಯಿ ಮರುವಾರವೂ ಬಂದ. ಷಟರ್‌ಗೆ ಎಣ್ಣೆ ಬಿಡಬೇಕಂತೆ. ಅದರ ಮರುವಾರ ಸ್ಪ್ರಿಂಗ್ ನೋಡಬೇಕಂತೆ.

“ಆ ಷಟರ್ ಈಗ ನನಗಿಂತ ಚೆನ್ನಾಗಿ ಎದ್ದು ಕೂತು ಮಾಡ್ತಿದೆ. ಇನ್ನೂ ಏನು ನೋಡ್ತಾನೆ ಅದರಲ್ಲಿ?” ಅಂದಳು ಹಲ್ಮೊನಿ, ಮಿಸೊನ್‌ಗೆ ಕೇಳಿಸಲಿ ಅಂತಲೇ.

ಒಂದು ದಿನ ಅವನು ಸಾರು ಬಾಯಿಗಿಟ್ಟು, “ಇವತ್ತು ಉಪ್ಪು ಜಾಸ್ತಿ” ಅಂದ.

“ಹೌದಾ.”

“ಬೇಜಾರಾಯ್ತಾ?”

“ಇಲ್ಲ.”

“ಕೋಪ?”

“ಇಲ್ಲ.”

“ಹೋಗಲಿ, ಏನಾದ್ರೂ?”

“ಇಲ್ಲ.”

“ಚೆನ್ನಾಗಿದೆ ನಿಮ್ಮ ಹೋಟೆಲು. ಊಟ ಖಾರ, ಬಡಿಸೋರು ಸಪ್ಪೆ.”

ಮಿಸೊನ್ ತಿರುಗಿ ಒಳಗೆ ಹೋದಳು. ಹೋದವಳು ಪಾತ್ರೆಗಳ ಎದುರು ನಿಂತಳು. ಅವಳ ತುಟಿಯ ಕೊನೆ ಒಂಚೂರು ಅಲುಗಿತ್ತು. ಅದು ಅವಳಿಗೇ ಗಾಬರಿ.

ಅವಳ ಹುಟ್ಟುಹಬ್ಬದ ದಿನ ಅಪ್ಪ ಎಂದಿನಂತೆ ಕಡಲ ಪಾಚಿಯ ಸಾರು ಮಾಡಿದ್ದ. ಮೂಲೆಯಲ್ಲಿ ಕೂತು ಕುಡಿಯುತ್ತಿದ್ದವಳನ್ನು ಅರಾಯಿ ನೋಡಿದ.

“ಓ... ಇವತ್ತು ನಿಮ್ಮ ಹುಟ್ಟುಹಬ್ಬಾನಾ?”

“ನಿಮಗೆ ಹೇಗೆ ಗೊತ್ತು?”

“ಪಾಚಿ ಸಾರು ಕುಡೀತಿದೀರಲ್ಲ. ನನ್ನ ಹುಟ್ಟುಹಬ್ಬಕ್ಕೂ ನಮ್ಮಮ್ಮ ತಪ್ಪದೆ ಮಾಡ್ತಾಳೆ.”

ಅಡುಗೆಮನೆಯಲ್ಲಿ ಹಲ್ಮೊನಿ ಮಗನ ತೋಳು ಹಿಡಿದು ಅಲ್ಲಾಡಿಸಿದಳು. ಹುಟ್ಟುಹಬ್ಬಕ್ಕೆ ಪಾಚಿ ಸಾರು ಯಾವ ಜಪಾನಿ ಮನೆಯಲ್ಲಿ ಮಾಡ್ತಾರೆ? ಇನ್ನೇನು ಸಾಕ್ಷಿ ಬೇಕು?

ಮಿಸೊನ್‌ಗೂ ಅಲ್ಲಿಗೆ ಅನುಮಾನ ಹೋಯಿತು. ಎಷ್ಟೋ ದಿನಗಳ ಮೇಲೆ ಅವಳೊಳಗೆ ಒಂದು ಆಸೆ ಎದ್ದು ಕೂತಿತು. *ಅವನಾಗೇ ಹೇಳಲಿ... ಮೊದಲು ನನಗೆ ಹೇಳಲಿ. ನಮ್ಮವನೇ ಆದರೆ ಆ ಚಹಾ, ಆ ಮಾತು ಇನ್ನೊಮ್ಮೆ ಇರೋದಿಲ್ಲ. ಆಗ ನಾನು ಹೆದರಬೇಕಾಗಿಲ್ಲ.*

ಅವನು ಹೇಳಲಿಲ್ಲ. ವಾರಗಳು ಹೋದವು. ಷಟರ್ ಬಗ್ಗೆ ಹೇಳಿದ, ಮಳೆ ಬಗ್ಗೆ ಹೇಳಿದ, ಹಿಕೊನೆಯಲ್ಲಿ ಅಕ್ಕಿ ಅಂಗಡಿ ಇಟ್ಟಿರುವ ಅಪ್ಪನ ಬಗ್ಗೆ ಹೇಳಿದ. ಅದೊಂದು ಬಿಟ್ಟು ಎಲ್ಲ ಹೇಳಿದ.

ಸುಗ್ಗಿ ಹುಣ್ಣಿಮೆಯ ಹಬ್ಬಕ್ಕೆ ಹೋಟೆಲ್ ಮುಚ್ಚಿ, ಹಿರಿಯರಿಗೆ ಎಡೆ ಇಟ್ಟು, ಹಲ್ಮೊನಿ ಅವನನ್ನು ಊಟಕ್ಕೆ ಕರೆದಳು. ಅವನು ಒಂದು ಬುಟ್ಟಿ ಪೇರಳೆ ಹಣ್ಣು ತಂದ. ಎಲ್ಲರೂ ಕೂತ ಮೇಲೆ ಮುದುಕಿ ಯಾರೂ ಮಾಡದ ಕೆಲಸ ಮಾಡಿದಳು.

“ನೋಡು ಮಗಾ, ನನಗೆ ವಯಸ್ಸಾಯ್ತು. ಕಾಯೋಕೆ ಪುರುಸೊತ್ತಿಲ್ಲ. ಈ ಹುಡುಗಿನ ನಿನ್ನ ಕೈಗೆ ಕೊಡಬೇಕು ಅಂತ ನನ್ನಾಸೆ. ನಿನ್ನ ಅಸಲಿ ಹೆಸರು ಹೇಳಿಬಿಡು.”

ಮಿಸೊನ್ ತಲೆ ತಗ್ಗಿಸಿದಳು. ಅರಾಯಿಯ ಕಿವಿಯವರೆಗೂ ಕೆಂಪೇರಿತು.

“ಹೆಸರು... ಅರಾಯಿ ಕಿಯೊತಕ, ಅಜ್ಜಿ.”

“ಅದಲ್ಲಪ್ಪ. ಅದರ ಹಿಂದಿಂದು.”

“ಹಿಂದಿಂದು ಅಂದ್ರೆ?”

ಮಿಸೊನ್ ನಿಧಾನವಾಗಿ ತಲೆಯೆತ್ತಿದಳು. ಅವಳ ದನಿಯಲ್ಲಿ ಏರೂ ಇರಲಿಲ್ಲ, ಇಳಿವೂ ಇರಲಿಲ್ಲ.

“ಸಾಕು ಅರಾಯಿ ಸಾನ್. ನಮ್ಮ ಎದುರಿಗೂ ನಾಟಕ ಬೇಕಾ? ನಮ್ಮ ಅನ್ನ ಬೇಕು, ನಮ್ಮ ಸಾರು ಬೇಕು. ಕೊರಿಯಾದವನು ಅಂತ ಹೇಳ್ಕೊಳ್ಳೋಕೆ ಮಾತ್ರ ನಾಚಿಕೆ. ವರ್ಷ ವರ್ಷ ಆ ಪಾಚಿ ಸಾರು ಮಾಡಿ ಹಾಕಿದ ತಾಯಿನೂ ಹೀಗೇ ಮುಚ್ಚಿಡ್ತೀರಾ?”

“ನಾನು ಜಪಾನಿನವನೇ, ಮಿಸೊನ್ ಸಾನ್. ಅಪ್ಪನೂ ಅಷ್ಟೇ. ಹೆತ್ತವಳೂ ಅಷ್ಟೇ, ಅವಳು ನಾನು ಹುಟ್ಟಿದಾಗಲೇ ಹೋದಳು. ನನ್ನನ್ನ ಸಾಕಿದ್ದು...”

ಅಲ್ಲಿಗೆ ಅವನ ಮಾತು ನಿಂತಿತು. ಎದುರಿಗಿದ್ದ ಬಟ್ಟಲು ನೋಡಿದ. ಲೋಟದ ಕೈಗೆ ಆಸರೆಯಾಗಿದ್ದ ತನ್ನ ಎಡಗೈ ನೋಡಿದ.

“ಸಾಕಿದ್ದು ಎರಡನೇ ಅಮ್ಮ,” ಅಂದ ಮೆಲ್ಲಗೆ. “ಬಟ್ಟಲು ಎತ್ತಬೇಡ, ಭಿಕ್ಷೆಯವರ ಹಾಗೆ ಅಂತ ಹೇಳಿಕೊಟ್ಟಿದ್ದು ಅವಳು. ಶಾಲೆಯಲ್ಲಿ ನನಗೆ ಬೈತಿದ್ರು. ಮೇಜಿನಲ್ಲಿ ತಾನು ಮಾತ್ರ ಎತ್ತುತ್ತಿದ್ದಳು. ಯಾಕೋ ಅವಳ ರೀತಿಯೇ ಹೀಗೆ ಅಂತ ಅಂದುಕೊಂಡಿದ್ದೆ. ತವರಿನ ಕಡೆ ಯಾರೂ ಇಲ್ಲ ಅಂತಿದ್ದಳು...”

ಹಲ್ಮೊನಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. “ಅಯ್ಯೋ ದೇವರೇ, ಏನು ಮಾಡಿಬಿಟ್ಟೆ ನಾನು.”

ಮೂವತ್ತು ವರ್ಷದಿಂದ ಒಬ್ಬ ಹೆಂಗಸು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಗುಟ್ಟು, ಅವಳು ಮುಖ ಕಾಣದ ಜನರ ಊಟದ ಮೇಜಿನಲ್ಲಿ ಬಿಚ್ಚಿಹೋಗಿತ್ತು. ಅರಾಯಿ ಎದ್ದ. ಊಟಕ್ಕೆ ಥ್ಯಾಂಕ್ಸ್ ಹೇಳಿದ. ಶೂ ಲೇಸನ್ನೂ ಕಟ್ಟದೆ ಹೊರಟುಹೋದ.

ಮರುವಾರ ಬರಲಿಲ್ಲ. ಅದರ ಮರುವಾರವೂ ಇಲ್ಲ. ಚಳಿ ಹತ್ತಿತು.

*ಗೊತ್ತಿತ್ತು ನನಗೆ,* ಅಂದುಕೊಂಡಳು ಮಿಸೊನ್. *ಕೊರಿಯಾದವಳ ಕೈಯಲ್ಲಿ ಬೆಳೆದೆ ಅಂತ ಗೊತ್ತಾಗಿ ಅಸಹ್ಯ ಆಯ್ತು ಅವನಿಗೆ. ಅವನೂ ಅವರ ಹಾಗೇ.* ಅಷ್ಟು ಅಂದುಕೊಂಡು ಮೇಜು ಒರೆಸಿದಳು. ಬಡಿಸಿದಳು. ಮಲಗಿದಳು. ಎದ್ದಳು. ಮತ್ತೆ ಒರೆಸಿದಳು.

ಹಲ್ಮೊನಿ ಮಾತ್ರ ಒಂದೇ ಸಮ ತನ್ನನ್ನೇ ಬೈದುಕೊಳ್ಳುತ್ತಿದ್ದಳು. “ಕೇಳಬಾರದಿತ್ತು. ಹಾಳು ಬಾಯಿ ನಂದು.”

ಒಂದು ಮಧ್ಯಾಹ್ನ ಮಿಸೊನ್ ಕಿಮ್ಚಿಗೆ ಮೂಲಂಗಿ ಕೊಚ್ಚುತ್ತಿದ್ದಳು. ದಿನಕ್ಕೆ ನಾಲ್ಕು ಮಾತಾಡದ ಅಪ್ಪ ಒಲೆಯ ಮುಂದಿನಿಂದ ತಿರುಗಿ ನೋಡಿದ.

“ಆ ಮೂಲಂಗಿ ನಿನಗೇನು ಮಾಡ್ತಮ್ಮಾ?”

ಅವಳು ಮಣೆ ನೋಡಿದಳು. ಮೂಲಂಗಿ ಪುಡಿಪುಡಿಯಾಗಿತ್ತು. ಕೆನ್ನೆ ಬಿಸಿಯಾಗಿತ್ತು. ಅವಳಿಗೆ ಸಿಟ್ಟು ಬಂದಿತ್ತು! ಬರದೇ ಹೋದವನ ಮೇಲೆ ಕೆಂಡದಂಥ ಸಿಟ್ಟು.

ಆ ವಾರದ ಕೊನೆಗೆ, ಊಟದ ಗದ್ದಲ ಇಳಿಯುವ ಹೊತ್ತಿಗೆ, ಅರಾಯಿ ಬಂದ. ಅವನ ಹಿಂದೆ ಬೂದು ಕೋಟಿನ ಸಣಕಲು ಹೆಂಗಸೊಬ್ಬಳು ಬಾಗಿಲಲ್ಲೇ ನಿಂತಳು.

“ನಮ್ಮಮ್ಮ,” ಅಂದ ಅವನು. “ಫುಮಿಕೊ ಅಂತ.”

ಹಲ್ಮೊನಿ ಕೆಲಸ ಬಿಟ್ಟು ಬಂದಳು. ಜಪಾನಿ ಭಾಷೆಯಲ್ಲಿ ಮಾತಾಡಲಿಲ್ಲ. ಕೊರಿಯಾದ ಜೆಜು ದ್ವೀಪದ ನಮ್ಮ ಹಳ್ಳಿ ಮಾತಿನಲ್ಲಿ ಕೇಳಿದಳು. “ಯಾವ ಊರಿನವಳು ಮಗಳೇ?”

ಆ ಹೆಂಗಸು ಬಾಗಿಲು ದಾಟಿ ಒಳಗೆ ಬಂದಳು. ಆಮೇಲೆ ಅದೇ ಮಾತಿನಲ್ಲಿ, ಒಂದೊಂದೇ ಪದ ಹುಡುಕಿಕೊಂಡು, “ನಮ್ಮಪ್ಪ ಜೆಜುವಿನ ಹಲ್ಲಿಮ್ ಕಡೆಯವನು,” ಅಂದಳು. “ನನ್ನ ಹೆಸರು ಮುನ್‌ಜಾ.”

“ಹಲ್ಲಿಮ್ಮಾ! ಹಾಗಾದರೆ ನೆಂಟಸ್ತನ ಹುಡುಕಿದರೆ ಸಿಗುತ್ತೆ. ಬಾ, ಮೊದಲು ಉಣ್ಣು.”

ಮುನ್‌ಜಾ ಕೂತಳು. ಸಾರು ಬಂತು, ಅನ್ನ ಬಂತು. ಅವಳ ಕೈ ತಾನಾಗೇ ಬಟ್ಟಲನ್ನು ಎತ್ತಿತು, ಗಂಡನ ಮನೆಯ ಊಟದ ಮೇಜಿನಲ್ಲಿ ಅಷ್ಟು ವರ್ಷ ಎತ್ತಿದ ಹಾಗೆ. ಎತ್ತಿದ ಮೇಲೆ ಎಲ್ಲಿ ಕೂತಿದ್ದೀನಿ ಅನ್ನೋದು ನೆನಪಾಗಿ, ಇಳಿಸಲೂ ಆಗದೆ ಹಿಡಿಯಲೂ ಆಗದೆ ಹಾಗೇ ಉಳಿದಳು.

“ಹೇಗೆ ಬೇಕಾದರೂ ಉಣ್ಣು ತಾಯಿ,” ಅಂದಳು ಹಲ್ಮೊನಿ. “ಹೊಟ್ಟೆಗೆ ಹೋದರೆ ಸರಿ.”

ಮುನ್‌ಜಾ ಬಟ್ಟಲು ಹಿಡಿದುಕೊಂಡೇ ಉಂಡಳು. ಕಣ್ಣೀರು ಗಲ್ಲದವರೆಗೂ ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

ಮಿಸೊನ್‌ಗೆ ನೋಡಲಾಗಲಿಲ್ಲ. ಹಿತ್ತಲ ಬಾಗಿಲಿನಿಂದ ಓಣಿಗೆ ಬಂದಳು. ಅರಾಯಿಯೂ ಹಿಂದೆಯೇ ಬಂದ.

“ಇಷ್ಟು ದಿನ ಎಲ್ಲಿ ಹೋಗಿದ್ರಿ?” ಅವಳೇ ಕೇಳಿದಳು.

“ಊರಿಗೆ. ಅಮ್ಮ ಬಾಯಿ ಬಿಡೋಕೆ ಅಷ್ಟು ದಿನ ಹಿಡೀತು. ಇಲ್ಲಿಗೆ ಬರೋಕೆ ಧೈರ್ಯ ಮಾಡೋಕೆ ಇನ್ನಷ್ಟು. ಅವಳನ್ನ ಬಿಟ್ಟು ನಾನೊಬ್ಬನೇ ಹೇಗೆ ಬರಲಿ?”

“ನಿಮಗೆ ಅಸಹ್ಯ ಆಯ್ತು ಅಂದ್ಕೊಂಡೆ.”

“ಯಾರ ಮೇಲೆ? ನಮ್ಮಮ್ಮನ ಮೇಲಾ?” ಅವನ ಮುಖ ಸಣ್ಣದಾಯಿತು.

“ತಪ್ಪಾಯ್ತು,” ಅಂದಳು ಮಿಸೊನ್.

ಆಮೇಲೆ ಅವನು ಹೇಳಿದ. “ಅಪ್ಪಂಗೆ ಮೊದಲಿನಿಂದಲೂ ಗೊತ್ತಿತ್ತಂತೆ. ಅವಳಾಗೇ ಹೇಳಲಿ ಅಂತ ಕಾದನಂತೆ. ಇವಳು, ಗೊತ್ತಾದ್ರೆ ಎಲ್ಲಿ ಬಿಟ್ಟುಬಿಡ್ತಾನೋ ಅಂತ ಹೆದರಿಕೊಂಡು ಬದುಕಿದಳು. ಒಂದೇ ಮೇಜಿನಲ್ಲಿ ಉಂಡುಕೊಂಡು ಮೂವತ್ತು ವರ್ಷ... ಒಬ್ಬರೂ ಕೇಳಲಿಲ್ಲ, ಒಬ್ಬರೂ ಹೇಳಲಿಲ್ಲ.”

ಅವನು ಮಿಸೊನ್ ಕಡೆ ತಿರುಗಿದ.

“ನನಗೆ ಅವರ ಹಾಗೆ ಇರೋಕೆ ಆಗಲ್ಲ. ನಾನು ಹಲ್ಮೊನಿ ಅಂದುಕೊಂಡ ಪಾರ್ಕ್ ಹುಡುಗ ಅಲ್ಲ. ಅದು ಗೊತ್ತಿದ್ದೂ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?”

ಆ ಚಹಾ ಕೋಣೆ ಅವಳ ಕಣ್ಣ ಮುಂದೆ ಬಂದು ನಿಂತಿತು. ಆದರೂ ಕೇಳಿದಳು.

“ನಿಮ್ಮವರು ಯಾರಾದರೂ ನನ್ನ ಬಗ್ಗೆ ಏನಾದರೂ ಅಂದರೆ... ನೀವು ಪಕ್ಕದಲ್ಲಿ ಸುಮ್ಮನೆ ಕೂತಿರ್ತೀರಾ?”

“ಅಮ್ಮನ ವಿಷಯ ತಿಳಿದು ದೊಡ್ಡಪ್ಪ ಒಂದು ಮಾತು ಅಂದ. ನಾವು ಮೂವರೂ ಅರ್ಧ ಊಟದಲ್ಲಿ ಎದ್ದು ಬಂದ್ವಿ. ಅಪ್ಪನೇ ಮೊದಲು ಎದ್ದಿದ್ದು. ಮತ್ತೆ ಆ ಮನೆ ಹೊಸ್ತಿಲು ತುಳಿದಿಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. ಸುಳ್ಳಿರಲಿಲ್ಲ ಅಲ್ಲಿ.

“ನನಗೆ ಬಹಳ ದಿನದಿಂದ ಏನೂ ಅನ್ನಿಸ್ತಾನೇ ಇರಲಿಲ್ಲ,” ಅಂದಳು. “ನೀವು ಬರದೇ ಇದ್ದಾಗ ಸಿಟ್ಟು ಬಂತು. ಕೊಂದುಬಿಡೋಷ್ಟು.”

“ಅದು ಒಳ್ಳೇದಾ?”

“ಗೊತ್ತಿಲ್ಲ. ಇಷ್ಟು ದಿನದಲ್ಲಿ ಬಂದಿದ್ದು ಅದೊಂದೇ. ಈಗ ನೀವು ಎದುರಿಗೆ ನಿಂತರೆ ಅದೂ ಹೋಗಿ... ಇನ್ನೇನೋ ಬರ್ತಿದೆ. ನೋವಾಗ್ತಿದೆ.”

ಜೋಮು ಬಿಡುವಾಗ ನೋಯುತ್ತಲ್ಲ, ಅದೇ. ಹುಡುಗಿಗೆ ಅದು ಗೊತ್ತಿರಲಿಲ್ಲ, ಅಷ್ಟೆ.

“ನಾಳೆ ಕೇಳಿ,” ಅಂದಳು ಮಿಸೊನ್. “ನಾಳೆ ಹೂಂ ಅಂತೀನಿ.”

“ಇವತ್ತೇ ಅನ್ನಬಾರದಾ?”

“ಇವತ್ತು ಅಂದರೆ ಅತ್ತುಬಿಡ್ತೀನಿ. ಒಳಗೆ ಇನ್ನೂ ಗಿರಾಕಿಗಳಿದ್ದಾರೆ.”

ಅವನು ಅವಳ ಸೊಂಟದ ಏಪ್ರನ್‌ನ ಗಂಟು ಬಿಚ್ಚಿ, ತನಗೆ ಕಟ್ಟಿಕೊಂಡ.

“ಅಳಿ,” ಅಂದ. “ನಾನು ಬಡಿಸ್ತೀನಿ.”