ಟೊಳ್ಳು ಚಿನ್ನದ ನೀಲಿ

"ನಿಮ್ಮ ನ್ಯಾನೋ ಕಣಗಳೆಲ್ಲ ತೂತು ಬಿದ್ದಿವೆ, ಮೇಡಂ!"

ಲ್ಯಾಬಿಗೆ ಹೊಸದಾಗಿ ಸೇರಿದ್ದ ಅವನು ಮೈಕ್ರೋಸ್ಕೋಪಿನ ಪರದೆಯಿಂದ ಕಣ್ಣೆತ್ತದೆ ಹೇಳಿದಾಗ ಅವಳ ಮೈಯೆಲ್ಲ ಉರಿದುಹೋಯಿತು.

"ತೂತು ಬೀಳಲಿ ಅಂತಲೇ ಮಾಡಿದ್ದು! ಬೆಳ್ಳಿ ಕರಗುತ್ತೆ, ಸುತ್ತ ಚಿನ್ನ ಕೂರುತ್ತೆ, ಒಳಗೆ ಟೊಳ್ಳು. ಗೊತ್ತಿಲ್ಲದಿದ್ರೆ ಕೇಳಿ!"

ಅವನು ತಲೆಯೆತ್ತಿ ನಕ್ಕ. ಅಯ್ಯೋ... ಈ ನಗುವಿನ ಎದುರು ಜಗಳ ಮುಂದುವರಿಸೋದು ಹೇಗೆ?

ಆಮೇಲೆ ಇಬ್ಬರದೂ ಜೊತೆ ಕೆಲಸ. ಬಿಸಿ ಮಾಡಿದ ಬೆಳ್ಳಿಕಣಗಳ ನೀರಿಗೆ ಅವಳು ಚಿನ್ನದ ದ್ರಾವಣ ಹನಿಸುವಳು. ಹಳದಿ ಕೆಂಪಾಗಿ, ನೇರಳೆಯಾಗಿ, ನೀಲಿಗೆ ತಿರುಗುವುದನ್ನು ಅವನು ಉಸಿರು ಬಿಗಿಹಿಡಿದು ನೋಡುವನು. ಗೋಡೆ ತೆಳುವಾದಷ್ಟೂ ಕಣಗಳು ಹೀರುವ ಬೆಳಕು ಬದಲಾಗುತ್ತಿತ್ತು. ಕೊನೆಗೆ ಕಣ್ಣಿಗೆ ಕಾಣದ ಬೆಳಕನ್ನೂ ಹೀರಿ ಬಿಸಿಯೇರುತ್ತಿದ್ದವು.

"ಈ ಬಿಸಿಯಲ್ಲೇ ಕ್ಯಾನ್ಸರ್ ಗಡ್ಡೆ ಸುಡಬಹುದು ಕಣೋ," ಎನ್ನುತ್ತಿದ್ದಳು ಅವಳು. ಅವಳ ಅಮ್ಮ ಹೋಗಿದ್ದು ಗಡ್ಡೆಯಿಂದಲೇ.

ಅದು ಅವನಿಗೂ ಗೊತ್ತಿತ್ತು. ಆದರೂ...

ಅವಳು ತನ್ನ ಫಲಿತಾಂಶ ಮಂಡಿಸಿದ ದಿನ, ತುಂಬಿದ ಸಭೆಯಲ್ಲಿ ಅವನೇ ಎದ್ದು ನಿಂತ. "ನಾನೂ ಒಬ್ಬನೇ ಮಾಡಿ ನೋಡಿದೆ ಸರ್. ನೀಲಿ ಬರಲಿಲ್ಲ. ಬರೀ ಚೂರು."

"ಹಾಗಾದ್ರೆ ಇವಳು ತೋರಿಸಿದ್ದೆಲ್ಲ ಸುಳ್ಳಾ?" ಪ್ರೊಫೆಸರ್ ಗುಡುಗಿದರು.

ಅವಳ ನೀಲಿಯನ್ನು ಕಣ್ಣಾರೆ ಕಂಡಿದ್ದ ಅವನು ತಲೆ ತಗ್ಗಿಸಿದ. ತುಟಿ ಪಿಟಕ್ಕೆನ್ನಲಿಲ್ಲ!

ನನ್ನ ಜಾಗದ ಮೇಲೇ ಕಣ್ಣಿಟ್ಟಿದ್ದನಾ? ಅಂದುಕೊಂಡಳು ಅವಳು.

ಅವಳ ಕೆಲಸ ಹೋಯಿತು. ಮೋಸಗಾತಿ ಅನ್ನೋ ಹೆಸರು ಮಾತ್ರ ಬೆನ್ನು ಬಿಡಲಿಲ್ಲ. ಕೊನೆಗೆ ಕಾರ್ಖಾನೆಯೊಂದರಲ್ಲಿ, ಗೋಡೆಗೆ ಬಳಿಯುವ ಬಣ್ಣ ಪರೀಕ್ಷಿಸುವ ಕೆಲಸಕ್ಕೆ ಸೇರಿಕೊಂಡಳು.

ವರ್ಷಗಳ ಮೇಲೆ, ಒಂದು ಮಧ್ಯಾಹ್ನ, ಕಾರ್ಖಾನೆಯ ಗೇಟಿನಲ್ಲಿ ಅವನು!

"ತಪ್ಪು ನಂದು. ಚಿನ್ನದ ದ್ರಾವಣ ಒಂದೇ ಸಲ ಸುರಿದುಬಿಟ್ಟಿದ್ದೆ. ಕಣಗಳ ಗೋಡೆ ಕುಸಿದು ಚೂರಾಯ್ತು. ಮೊನ್ನೆ ನಿನ್ನ ಹಾಗೆ ನಿಧಾನಕ್ಕೆ ಹನಿಸಿದೆ... ನೀಲಿ ಬಂತು. ಎಲ್ಲರೆದುರು ಹೇಳಿದೆ."

"ಸರ್ ಏನಂದ್ರು?"

"ಹಳೇದನ್ನ ಕೆದಕಬೇಡ ಅಂದ್ರು. ಕೆಲಸ ಬಿಟ್ಟು ಬಂದೆ."

ಅವಳಿಗೆ ನಗು ಬಂತು. ಕಹಿ ನಗು.

"ಕೈ ತಪ್ಪಿದ್ದಕ್ಕೆ ನಂಗೆ ಸಿಟ್ಟಿಲ್ಲ. ಸುಳ್ಳಾ ಅಂತ ಕೇಳಿದಾಗ 'ಅಲ್ಲ' ಅನ್ನೋಕೆ ನಿಂಗೆ ಬಾಯಿ ಬರಲಿಲ್ವಲ್ಲ!"

"ಪ್ರೀತಿ ಇತ್ತು... ಸರ್ ಬಗ್ಗೆ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು. ಈಗ ಪ್ರೀತಿ ಒಂದೇ ಉಳಿದಿದೆ. ಹೋಗು ಅಂದ್ರೆ ಹೋಗ್ತೀನಿ."

ಹೋಗು ಅನ್ನಬೇಕು. ಅನ್ನಲೇಬೇಕು... ಆದರೆ ಇಷ್ಟಾದರೂ ಇವನೇ ಬೇಕು ಅನ್ನಿಸುತ್ತಿದೆಯಲ್ಲ ಅಂತ ತನ್ನ ಮೇಲೆಯೇ ಅವಳಿಗೆ ರೇಗಿಹೋಯಿತು.

"ನಾನು ಕ್ಷಮಿಸಿಲ್ಲ."

"ಗೊತ್ತು."

"ಯಾವತ್ತು ಕ್ಷಮಿಸ್ತೀನೋ ಅದೂ ಗೊತ್ತಿಲ್ಲ."

"ಕಾಯ್ತೀನಿ."

ಅವಳು ಕಣ್ಣೊರೆಸಿಕೊಂಡಳು. "ಬಿಸಿಲಲ್ಲಿ ನಿಂತು ಕಾಯ್ತೀಯಾ? ಬಾ... ಒಳಗೆ ಬಾ."